ಸೀಗಡಿ ಬುಟ್ಟಿಯ ತೂತು

ಮಲ್ಲಪ್ಪ, ನೀನು ಕಳ್ಳನಲ್ಲ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಇಷ್ಟು ವರ್ಷ.

ಸೀವುಡ್ಸ್ ಸ್ಟೇಷನ್ನಿನ ಮೇಲೆ ಮಾಲ್ ಏಳುವ ಮೊದಲಿನ ಮಾತು. ನಾನು ಕುಂದಾಪುರದವನು, ಹೋಟೆಲಿನಲ್ಲಿ ಮ್ಯಾನೇಜರ್. ನೀನು ಕಲಬುರಗಿ ಕಡೆಯಿಂದ ಬಂದು ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದೆ. ಆ ಕೆಲಸ ಕೊಡಿಸಿದ್ದೂ ನಾನೇ. ಭಾನುವಾರ ಬೆಳಿಗ್ಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬಂಡೆಗಳ ಹತ್ತಿರ ನಿನಗೆ ಗಾಳ ಹಾಕಲು ಕಲಿಸಿದೆ. ಜೀವಂತ ಸೀಗಡಿಯನ್ನು ಸಾಯದ ಹಾಗೆ ಕೊಕ್ಕೆಗೆ ಸಿಕ್ಕಿಸುವುದು, ಬಂಡೆಯ ಅಂಚಿನಲ್ಲೇ ಈಜಲು ಬಿಡುವುದು, ಮೀನು ಕಚ್ಚಿದ ಕೂಡಲೇ ಅದು ಸಂದಿಗೆ ನುಗ್ಗುವ ಮೊದಲು ಎಳೆಯುವುದು — ಎಲ್ಲವನ್ನೂ ಬೇಗ ಕಲಿತೆ. ನನಗಿಂತ ಚೆನ್ನಾಗಿ ಕಲಿತೆ.

ಸೀಗಡಿಗಳನ್ನು ಹಿಂದಿನ ದಿನವೇ ಹಿಡಿದು, ಬಲೆಯ ಬುಟ್ಟಿಯಲ್ಲಿ ಹಾಕಿ ಬಂಡೆಯ ಸಂದಿಯ ನೀರಿನಲ್ಲಿ ಕಟ್ಟಿಡುತ್ತಿದ್ದೆ. ಆ ಜಾಗ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಒಂದು ಭಾನುವಾರ ಬುಟ್ಟಿ ಖಾಲಿ. ಮರುವಾರವೂ ಖಾಲಿ, ತಳದ ಬಲೆ ಚಾಕುವಿನಿಂದ ಕೊಯ್ದ ಹಾಗೆ ತುಂಡಾಗಿತ್ತು. ನನಗಿಂತ ಮೊದಲೇ ಬಂದಿದ್ದ ನಿನ್ನ ಕಾಲ ಬಳಿ ತೋಳುದ್ದದ ಜಿತಾಡಾ ಮೀನು ಒದ್ದಾಡುತ್ತಿತ್ತು. ಅಷ್ಟು ದೊಡ್ಡದು ನನ್ನ ಗಾಳಕ್ಕೆ ಎಂದೂ ಬಿದ್ದಿರಲಿಲ್ಲ.

"ಸೀಗಡಿ ಎಲ್ಲಿಂದ ತಂದೆ?" ಎಂದೆ.

"ಖಾಡಿ ದಂಡಿಗಿರೋ ಕಾಂದಳ ಗಿಡದ ಬುಡಕ ನೀರ್ ನಿಂತಿತ್ರಿ ಅಣ್ಣಾ, ಟವಲ್‌ನಾಗ ಹಿಡದೆ. ಯಾಕ್ರಿ, ನನ್ ಮ್ಯಾಲ ಸಂಶ್ಯಾ ಅದ ಏನು?"

ನಾನು ನಕ್ಕೆ. ಆದರೆ ಅಂದಿನಿಂದ ನಿನ್ನ ಜೇಬು, ನಿನ್ನ ಚೀಲ, ನೀನು ಬರುವ ಹೊತ್ತು — ಎಲ್ಲವನ್ನೂ ಗಮನಿಸತೊಡಗಿದೆ. ನೀನು ಸುಮ್ಮನಿದ್ದರೂ ಅನುಮಾನ, ನಕ್ಕರೂ ಅನುಮಾನ. ಕೊನೆಗೆ ಸೊಸೈಟಿಯ ಸೆಕ್ರೆಟರಿಗೆ ಲಿಫ್ಟಿನಲ್ಲಿ, ನಿನ್ನ ಕೈ ಶುದ್ಧವಿಲ್ಲ, ಒಂದು ಕಣ್ಣಿಟ್ಟಿರಿ ಎಂದು ಹೇಳಿಬಿಟ್ಟೆ: "ಮಲ್ಲಪ್ಪ ಪೇ ಜ಼ರಾ ನಜ಼ರ್ ರಖನಾ. ಹಾಥ್ ಸಾಫ್ ನಹೀಂ ಹೈ."

ಏನು ಕದ್ದ ಎಂದು ಅವರು ಕೇಳಲಿಲ್ಲ. ಸೀಗಡಿ ಎಂದು ನಾನೂ ಹೇಳಲಿಲ್ಲ — ಹೇಳಿದ್ದರೆ ನಕ್ಕು ಬಿಡುತ್ತಿದ್ದರೇನೋ. ವಾರದೊಳಗೆ ಕೆಲಸ ಹೋಗಿ, ನೀನು ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿದೆ. ಹೆಂಡತಿಯ ತಲೆಯ ಮೇಲೆ ಹಾಸಿಗೆ, ನಿನ್ನ ಕೈಯಲ್ಲಿ ಸ್ಟೋವ್. ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ.

ಮುಂದಿನ ತಿಂಗಳು ಹೊಸ ಬುಟ್ಟಿ ಕಟ್ಟಿ, ಕಳ್ಳನನ್ನು ಕಣ್ಣಾರೆ ನೋಡಬೇಕೆಂದು ಬಂಡೆಯ ಮೇಲೆಯೇ ಕುಳಿತೆ. ನೀರಿಳಿದಾಗ ಸಂದಿಯಿಂದ ಅಂಗೈಯಗಲದ ಏಡಿಯೊಂದು ಹೊರಬಂತು. ಇಕ್ಕಳದಂಥ ಮುಂಗಾಲಿನಿಂದ ಬಲೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿತು — ಎಷ್ಟು ನೀಟಾಗಿ!

ಆಗಲೇ ಸೆಕ್ರೆಟರಿಗೆ ಹೇಳಬಹುದಿತ್ತು. ನಿನ್ನನ್ನು ಹುಡುಕಬಹುದಿತ್ತು. ಜನ ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೋ ಎಂದು — ಅಷ್ಟೇ.

ಕಳೆದ ತಿಂಗಳು ವಿಠ್ಠಲವಾಡಿ ಪ್ಲಾಟ್‌ಫಾರ್ಮಿನಲ್ಲಿ ನೀನೇ ನನ್ನನ್ನು ಗುರುತಿಸಿ ಕೈ ಹಿಡಿದೆ. ಮನೆಯ ವಿಳಾಸ ಹೇಳಿ ಊಟಕ್ಕೆ ಕರೆದೆ. ಮಾತಿನ ನಡುವೆ ನಗುತ್ತಲೇ ಅಂದೆ: "ನಮ್ಮಾಕಿ ಇನ್ನೂ ಒಮ್ಮೊಮ್ಮೆ ಕೇಳ್ತಾಳ್ರಿ ಅಣ್ಣಾ — ಖರೇ ಹೇಳ್ರಿ, ಆ ಸೊಸಾಯ್ಟ್ಯಾಗ ಏನ್ ತಗೊಂಡಿದ್ರಿ ಅಂತ."

ಆಗಷ್ಟೇ ಬಂದು ನಿಂತ ಲೋಕಲ್ ಟ್ರೇನು ಹತ್ತಿ ನಾನು ಹೊರಟುಬಿಟ್ಟೆ.

ಈ ಭಾನುವಾರ ಬರುತ್ತೇನೆ, ಮಲ್ಲಪ್ಪ. ಊಟಕ್ಕಲ್ಲ. ಹೊಸ್ತಿಲ ಹೊರಗೇ ನಿಂತು, ಮೊದಲು ನಿನ್ನ ಹೆಂಡತಿಗೆ ಹೇಳುತ್ತೇನೆ.