ಉದ್ದವಾದ ಪಿಂಡ

ಪುಟ್ಟಿ, ಚಿನ್ನು, ನಿಮ್ಮಜ್ಜನ ತಿಥಿಯ ದಿನ ನಾನು ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಲಾರದೆ ಬರೆಯುತ್ತಿದ್ದೇನೆ.

ಗಂಗೆಯ ದಡದ ಶಿವಾಲ ಕೇರಿಯ ನಮ್ಮ ಮನೆಯಲ್ಲಿ ಶ್ರಾದ್ಧಕ್ಕೆ ಅನ್ನ ಬೇಯಿಸಿ ಪಿಂಡದ ಉಂಡೆ ಕಟ್ಟಿಕೊಡುವುದು ನನ್ನ ಕೆಲಸ. ಅವು ಗುಂಡಗೇ ಇರಬೇಕು. ಅಂದು ಅವಸರದಲ್ಲಿ ಕಟ್ಟಿ, ನಿಮ್ಮಜ್ಜನ ಉಂಡೆಯೇ ಉದ್ದವಾಯಿತು. ಗಂಡಸರ ಮುಂದೆ ಹೇಳಲು ನಾಚಿಕೊಂಡು ಹಾಗೆಯೇ ಎಲೆಯ ಮೇಲಿಟ್ಟು ಕೊಟ್ಟೆ. ನಿಮ್ಮಪ್ಪ ಅದನ್ನೇ ಗಂಗೆಗೆ ಬಿಟ್ಟ. ಅದು ಅವರಿಗೆ ಮುಟ್ಟಲಿಲ್ಲವೇನೋ, ಹಸಿದೇ ಇದ್ದಾರೇನೋ ಎಂಬ ಹೆದರಿಕೆಗೆ ನನಗೆ ಮೂರು ದಿನ ಅನ್ನ ಇಳಿಯಲಿಲ್ಲ.

ಕೊನೆಗೆ, ವಿಶ್ವವಿದ್ಯಾಲಯದಲ್ಲಿ ಪರಮಾಣುಗಳ ಪಾಠ ಹೇಳುವ ನಿಮ್ಮಮ್ಮನಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು.

“ಅರೇ ಅತ್ತೆ, ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಅಂತ ಪುಟ್ಟ ಉಂಡೆ ಇರತ್ತೆ. ಸೀಸದ ಕೆಲವು ಬಗೆಗಳಲ್ಲಿ ಅದು ಗುಂಡಗೂ ಇರಬಹುದು, ಉದ್ದಕ್ಕೂ ಇರಬಹುದು. ಒಳಗಿನ ಕಣಗಳು ಅಷ್ಟೇ, ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ. ಎರಡೂ ಬಿಲ್ಕುಲ್ ಸೀಸವೇ. ನಿಮ್ಮ ಉಂಡೇಲಿ ಒಂದು ಅಗುಳಾದ್ರೂ ಕಮ್ಮಿ ಇತ್ತಾ?”

“ಇಲ್ಲ.”

“ಮತ್ತೆ? ಮಾವ ನಿಮ್ಮ ಸೊಟ್ಟ ರೊಟ್ಟಿ ತಿಂದವರೇ ಅಲ್ವಾ?”

ಅಂದು ಊಟ ಮಾಡಿದೆ. ಆದರೂ ಭಯ ಹೋಗಿಲ್ಲ. ಸೀಸವನ್ನು ಅವಳು ಅಳೆದು ನೋಡಬಲ್ಲಳು. ಸತ್ತವರ ಹಸಿವನ್ನು ಯಾರು ನೋಡಿದ್ದಾರೆ? ನಿಮ್ಮಪ್ಪನಿಗೆ ಇದು ಇಂದಿಗೂ ಗೊತ್ತಿಲ್ಲ. ನಾನಿರುವವರೆಗೆ ಅವನ ಕಣ್ಣಿಗೆ ಬೀಳದಂತೆ ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ.