ಏಳನೆಯ ಭಾಗ ಹುಡುಕಿದ ಲೈಬ್ರರಿ ಅಕ್ಕ

೧೨ ಮಾರ್ಚ್ ೨೦೦೬, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣಕ್ಕಿರುತ್ತಿತ್ತು. ಲೈಬ್ರರಿಯ ತಾರೀಖಿನ ಮೊಹರಿನ ಚಕ್ರ ಬಿಗಿಯಾಗಿತ್ತು. ದಿನವೂ ಅದನ್ನು ಉಗುರಿನಿಂದಲೇ ಒತ್ತಿ ತಿರುಗಿಸಬೇಕು. ಹಾಗೆ ಮಾಡಿ ಮಾಡಿ ಇಂಕು ಉಗುರಿನೊಳಕ್ಕೇ ಇಳಿದಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ ಎಂದು ಒಮ್ಮೆ ತೋರಿಸಿ ನಕ್ಕಿದ್ದರು.

ಅಂತರಸಂತೆಯಲ್ಲಿ ಎಲ್ಲರೂ ಅವರನ್ನು ಲೈಬ್ರರಿ ಅಕ್ಕ ಎಂದೇ ಕರೆಯುತ್ತಿದ್ದರು. ಲೈಬ್ರರಿ ಅಂದರೆ ಒಂದೇ ಕೋಣೆ. ನಾಲ್ಕು ಕಬ್ಬಿಣದ ಬೀರು, ಎರಡು ಬೆಂಚು, ಒಂದು ಫ್ಯಾನು, ಮೇಜಿನ ಎದುರಿಗೆ ಒಂದು ಮರದ ಸ್ಟೂಲು. ಆ ಸ್ಟೂಲಿಗೆ ನಾವೆಲ್ಲ ಹೆದರುತ್ತಿದ್ದೆವು. ಪುಸ್ತಕ ವಾಪಸ್ ತಂದವರು ಅದರ ಮೇಲೆ ಕೂತು ಕತೆ ಒಪ್ಪಿಸಬೇಕು. ಒಪ್ಪಿಸದೆ ಮುಂದಿನ ಪುಸ್ತಕ ಸಿಗುತ್ತಿರಲಿಲ್ಲ. ಸರ್ಕಾರದ ಯಾವ ನಿಯಮದಲ್ಲೂ ಇದು ಇರಲಿಲ್ಲ, ಅಕ್ಕನದೇ ನಿಯಮ. ಓದದೆ ತಂದವರು ಎರಡನೇ ಮಾತಿಗೇ ಸಿಕ್ಕಿಬೀಳುತ್ತಿದ್ದರು. "ಈ ಪುಸ್ತಕ ನಿನ್ನ ಚೀಲ ನೋಡ್ಕಂಡು ಬಂದೈತೆ ಅಷ್ಟೇ. ಇನ್ನೊಂದ್ಸಲ ಕರ್ಕಂಡೋಗು" ಎಂದು ಅದನ್ನೇ ತಿರುಗಿ ಕೊಡುತ್ತಿದ್ದರು.

ಯಾರಿಗೆ ಯಾವ ಪುಸ್ತಕ ಎಂದು ತೀರ್ಮಾನಿಸುವುದಕ್ಕೂ ಅವರದೊಂದು ದಾರಿ ಇತ್ತು. ಯಾವ ತರದ್ದು ಇಷ್ಟ ಎಂದು ಕೇಳುತ್ತಿರಲಿಲ್ಲ. "ಹೋದ್ಸಲದ್ದನ್ನ ಓದುವಾಗ ಎಲ್ಲಿ ಮುಚ್ಚಿಟ್ಟು ಎದ್ದೆ?" ಎಂದು ಕೇಳುತ್ತಿದ್ದರು. ಎದ್ದ ಜಾಗ ಗೊತ್ತಾದರೆ ಬೇಸರ ಎಲ್ಲಿ ಬಂತು, ಭಯ ಎಲ್ಲಿ ಬಂತು ಎಂದು ಅವರಿಗೆ ತಿಳಿಯುತ್ತಿತ್ತು. ನಾನು ಡೈರಿ ತೆಗೆದು ಪುಟದ ಸಂಖ್ಯೆಯನ್ನೇ ಹೇಳುತ್ತಿದ್ದೆ. "ಇವಳೊಬ್ಳು ಬಂದ್ಲಪ್ಪ, ಶಾನುಭೋಗ್ರ ಮೊಮ್ಮಗಳು" ಎಂದು ರೇಗಿಸುತ್ತಿದ್ದರು. ನಾವು ರಾಗಿ, ಹತ್ತಿ ಬೆಳೆಯುವವರು. ಶಾನುಭೋಗಿಕೆ ನಮ್ಮ ಮನೆಯಲ್ಲಿ ಯಾರೂ ಮಾಡಿದವರಲ್ಲ.

ನನ್ನ ಡೈರಿಯ ಪ್ರಕಾರ ೨೦೦೧ರ ಜುಲೈನಿಂದ ೨೦೦೩ರ ಜೂನ್ ಹದಿನೇಳರವರೆಗೆ ಅಲ್ಲಿಂದ ನೂರ ನಲವತ್ತಮೂರು ಪುಸ್ತಕ ಓದಿದ್ದೆ. ಆ ಹದಿನೇಳನೇ ತಾರೀಖು ಮಂಗಳವಾರ. ನಾನು ಎಚ್.ಡಿ. ಕೋಟೆಯಲ್ಲಿ ಪಿಯುಸಿಗೆ ಸೇರಿ ಎರಡು ವಾರವಾಗಿತ್ತು. ಸಂಜೆ ಬಸ್ಸಿಳಿದು ಸೀದಾ ಲೈಬ್ರರಿಗೆ ಹೋದೆ. ಅಕ್ಕ ರಟ್ಟು ಕಟ್ಟಿದ ಒಂದು ದಪ್ಪ ಪುಸ್ತಕ ಮುಂದಿಟ್ಟರು.

"ದೆವ್ವದ ಕತೆ" ಎಂದರು.

"ಬ್ಯಾಡ ಬುಡಿ ಅಕ್ಕ. ನಮ್ಮಜ್ಜಿ ಹೇಳಿರೋವೇ ಬೇಕಾದಷ್ಟವೆ."

"ನಿಮ್ಮಜ್ಜಿ ದೆವ್ವಗಳು ಎಲ್ಲಿರ್ತವೆ?"

"ಹುಣಸೇ ಮರ. ಹಾಳು ಬಾವಿ. ಕಾಡಂಚು."

"ಇವು ಸಿಟಿ ಬಸ್ಸಲ್ಲಿ ಓಡಾಡ್ತವೆ ಕಣೇ. ಆಫೀಸಿಗೆ ಹೋಯ್ತವೆ, ಬಾಡಿಗೆ ಮನೆ ಹುಡುಕ್ತವೆ, ನಲ್ಲೀಲಿ ನೀರಿಲ್ಲ ಅಂತ ಜಗಳ ಆಡ್ತವೆ. ಒಟ್ಟು ಏಳು ಭಾಗ. ಮೊದಲ್ನೇದು ತಗಂಡೋಗು. ನಾಕು ದಿನ್ದಲ್ಲಿ ಎರಡನೇದು ಕೇಳ್ಕಂಡು ಬರ್ದಿದ್ರೆ ನನ್ನ ಹೆಸ್ರು ಬದಲಾಯ್ಸು."

ನಾನು ಎರಡನೇ ದಿನವೇ ಹೋದೆ.

ಆ ಮಾಲೆಯ ನಾಯಕಿ ದೊಡ್ಡ ನಗರವೊಂದರ ಬಸ್ ಕಂಡಕ್ಟರ್. ಪ್ರಯಾಣಿಕರಲ್ಲಿ ಯಾರು ಮನುಷ್ಯರು, ಯಾರು ಅಲ್ಲ ಎಂದು ಅವಳಿಗೆ ಮಾತ್ರ ಗೊತ್ತಾಗುತ್ತದೆ. ಸತ್ತವರು, ಯಕ್ಷರು, ಹೆಸರಿಲ್ಲದ ಎಷ್ಟೋ ಜೀವಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವಳ ಬಸ್ಸಿನಲ್ಲೇ ಸುತ್ತುತ್ತಿರುತ್ತವೆ. ಅವಳು ಟಿಕೆಟ್ ಹರಿದು ಕೊಟ್ಟರೆ ಅವು ತಮ್ಮ ಸ್ಟಾಪಿನಲ್ಲಿ ಇಳಿಯುತ್ತವೆ, ಮತ್ತೆ ಯಾವತ್ತೂ ಹತ್ತುವುದಿಲ್ಲ. ಬರೆದವರು ಯಾರೋ ಗೊತ್ತಿಲ್ಲ. ಯಾರದೋ ಮನೆಯಿಂದ ದಾನವಾಗಿ ಬಂದ ಪುಸ್ತಕಗಳು. ಹಳೆಯ ಬೈಂಡಿಂಗಿನಲ್ಲಿ ಹೊದಿಕೆಯೂ ಹೆಸರಿನ ಹಾಳೆಯೂ ಹೋಗಿದ್ದವು. ಲೈಬ್ರರಿಯ ರಿಜಿಸ್ಟರಿನಲ್ಲಿ "ಕಾದಂಬರಿ, ಆರು ಭಾಗ" ಎಂದಷ್ಟೇ ಇತ್ತು. ಬಂದದ್ದು ಆರೇ ಎಂಬುದನ್ನು ಅಕ್ಕ ನನಗೆ ಆಗ ಹೇಳಲಿಲ್ಲ.

ಸರದಿಯಲ್ಲಿ ಇನ್ನೂ ಐದು ಜನ ಇದ್ದುದರಿಂದ ಎರಡು ವಾರಕ್ಕೊಂದು ಭಾಗ ಸಿಗುತ್ತಿತ್ತು. ನಾನು ಒಪ್ಪಿಸುವ ಕತೆ ಕೇಳಲು ಒಬ್ಬ ತಾತನೂ ಬರತೊಡಗಿದ. ಅವನಿಗೆ ಓದು ಬಾರದು, ಫ್ಯಾನಿನ ಗಾಳಿಗೆಂದು ಬರುತ್ತಿದ್ದವನು. "ಟಿಕೇಟು ತಗಳ್ದೆ ಹೋಗೋ ದೆವ್ವ ನಮ್ಮೂರ್ ಬಸ್ನಾಗೂ ಅವೆ ಕಣವ್ವ. ಇಬ್ಬರು ನಮ್ಮ ಬೀದೀಲೇ ಅವ್ರೆ" ಎನ್ನುತ್ತಿದ್ದ. ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆರನೆಯ ಭಾಗವನ್ನು ಮುಗಿಸಿದ್ದು ಸೆಪ್ಟೆಂಬರ್ ನಾಲ್ಕು, ಗುರುವಾರ. ಅದರ ಕೊನೆಯಲ್ಲಿ ನಾಯಕಿಯ ತಂಗಿ ಬಸ್ಸು ಹತ್ತುತ್ತಾಳೆ. ಅವಳು ಸತ್ತು ಒಂಬತ್ತು ವರ್ಷವಾಗಿದೆ. ಕಿಟಕಿಯ ಪಕ್ಕ ಕೂತು, ಅಕ್ಕಾ, ಟಿಕೆಟ್ ಕೊಡು ಎಂದು ಕೈ ನೀಡುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ. ಕೆಳಗೆ, ಏಳನೆಯ ಭಾಗದಲ್ಲಿ ಮುಕ್ತಾಯ ಎಂದು ಅಚ್ಚಾಗಿದೆ.

ಮರುದಿನ ಸ್ಟೂಲಿನ ಮೇಲೆ ಕೂತು ಅಷ್ಟನ್ನೂ ಒಪ್ಪಿಸಿ, "ಏಳನೇದು ಕೊಡಿ" ಎಂದೆ.

"ಇಲ್ಲ ಕಣೇ. ನಮ್ಮತ್ರ ಬಂದಿರೋದು ಆರೇ."

ನನಗೆ ಅಳು ಬಂತು. ನಿಜವಾಗಿ ಅತ್ತೆ. ಅಕ್ಕ ಕೇಳಿದರು: "ಆ ಜಾಗದಲ್ಲಿ ನೀನಿದ್ದಿದ್ರೆ ಟಿಕೆಟ್ ಹರೀತಿದ್ಯಾ?"

"ಇಲ್ಲ. ಬಸ್ಸಲ್ಲೇ ಇರ್ಲಿ ಅಂತಿದ್ದೆ. ದಿನಾ ನೋಡ್ಬೋದಲ್ಲ."

"ನಾನಾಗಿದ್ರೆ ಹರೀತಿದ್ದೆ. ಇಳಿಯೋರ್ನ ಇಳಿಯಾಕೆ ಬುಡ್ಬೇಕು ಕಣವ್ವ" ಎಂದರು. ಆಮೇಲೆ ಧ್ವನಿ ಬದಲಿಸಿ, "ಸೋಮ್ವಾರ ರಜ. ಹೆಂಗೂ ಮೈಸೂರಿಗೆ ಹೋಗೋದೈತೆ. ಹಳೇ ಪುಸ್ತಕದ ಅಂಗಡೀಲಿ ನೋಡ್ಕಂಡು ಬತ್ತೀನಿ" ಎಂದರು.

ಮಂಗಳವಾರ ಓಡಿಹೋದೆ. ಡೈರಿಯಲ್ಲಿ ಹೀಗಿದೆ: ಸೆ. ೯. ಇಲ್ಲ. ಸೆ. ೧೬. ಇಲ್ಲ. ಸೆ. ೨೩. ಇಲ್ಲ. ಪ್ರತಿ ಸೋಮವಾರ ಅಕ್ಕ ಮೈಸೂರಿಗೆ ಹೋಗುವರು, ಪ್ರತಿ ಮಂಗಳವಾರ ನಾನು ಕೇಳುವೆನು. ಅದೇ ಸಾಲುಗಳ ಪಕ್ಕದಲ್ಲಿ ಬೇರೆ ಸಂಗತಿಗಳನ್ನೂ ಬರೆದಿದ್ದೇನೆ. "ಅ. ೭. ಸ್ಟೂಲಿನ ಮೇಲೆ ಅಕ್ಕನೇ ಕೂತಿದ್ದರು, ನನ್ನನ್ನು ನಿಂತೇ ಕತೆ ಹೇಳು ಅಂದರು." "ಅ. ೨೧. ತಲೆ ಮೇಲೆ ಸೆರಗು ಹೊದ್ದಿದ್ದರು. ಚಳಿಯಂತೆ. ನನಗೆ ಸೆಕೆ." "ನ. ೪. ಬೀರುವಿನ ಮೇಲಿನ ಅರೆಯ ಪುಸ್ತಕವನ್ನು ನನ್ನಿಂದಲೇ ತೆಗೆಸಿದರು." ಎಲ್ಲವನ್ನೂ ನೋಡಿದ್ದೆ, ತಾರೀಖಿನ ಸಮೇತ ಬರೆದಿದ್ದೆ. ಏನೂ ಅರ್ಥ ಮಾಡಿಕೊಂಡಿರಲಿಲ್ಲ.

ನವೆಂಬರ್ ಹದಿನೆಂಟು, ಹನ್ನೊಂದನೆಯ ಮಂಗಳವಾರ. ಅವತ್ತೂ ಇಲ್ಲ ಎಂದರು. ನಾನು ಡೈರಿ ತೆಗೆದು ಅವರ ಮುಂದೆ ಹಿಡಿದೆ.

"ಎಣಿಸಿ ಅಕ್ಕ. ಹನ್ನೊಂದು ಸಲ. ಹನ್ನೊಂದು ಸಲ ಮೈಸೂರಿಗೆ ಹೋದೋರಿಗೆ ಒಂದು ಪುಸ್ತಕ ಸಿಕ್ಕಲ್ವಾ? ನೀವು ಹುಡುಕ್ತಾನೇ ಇಲ್ಲ. ಸುಮ್ನೆ ಸುತ್ತಾಡ್ಕಂಡು ಬತ್ತಿದ್ದೀರ."

ತಾತ ಬೆಂಚಿನಿಂದ, "ಏ ಮಗ, ಅಂಗೆಲ್ಲ ಅನ್ಬಾರ್ದು" ಎಂದ. ಅಕ್ಕ ಡೈರಿಯನ್ನು ಕೈಗೆ ತೆಗೆದುಕೊಂಡು ಒಂದೊಂದೇ "ಇಲ್ಲ"ದ ಮೇಲೆ ನೇರಳೆ ಉಗುರನ್ನು ಇಟ್ಟು ಎಣಿಸಿದರು. "ಸರ್ಯಾಗೈತೆ ಲೆಕ್ಕ. ಸಿಕ್ಕಾಕಂಡೆ ಬುಡು" ಎಂದು ನಕ್ಕು ವಾಪಸ್ ಕೊಟ್ಟರು.

ನಾನು ಪುಸ್ತಕ ತೆಗೆದುಕೊಳ್ಳದೆ ಹೊರಟುಹೋದೆ. ಸಿಟ್ಟಿನಲ್ಲಿ ಎರಡು ವಾರ ಹೋಗಲಿಲ್ಲ. ಆಮೇಲೆ ಹೋದಾಗ ಮೇಜಿನ ಹಿಂದೆ ಬೇರೆಯವರಿದ್ದರು. ಅಕ್ಕ ರಜೆ ಹಾಕಿದ್ದಾರೆ ಎಂದರು. ಏಕೆ ಎಂದು ನಾನು ಕೇಳಲಿಲ್ಲ, ಹೊಸಬರು ಕತೆ ಕೇಳಲಿಲ್ಲ. ನಾನೂ ಹೋಗುವುದನ್ನು ಬಿಟ್ಟೆ.

ಫೆಬ್ರವರಿ ಕೊನೆಯಲ್ಲಿ ತಾತ ಬಸ್ ಸ್ಟಾಪಿನಲ್ಲಿ ಸಿಕ್ಕಿ ಹೇಳಿದ: "ಅಕ್ಕನ್ನ ನೋಡ್ಕಂಡು ಬಾವ್ವ. ಬೇಗ ಹೋಗು." ಇಪ್ಪತ್ತೊಂಬತ್ತನೇ ತಾರೀಖು, ಭಾನುವಾರ ಹೋದೆ. ನಾನು ಅಕ್ಕನಿಗೆ ಆ ಮಾತು ಅಂದು ನೂರಾ ಮೂರು ದಿನವಾಗಿತ್ತು.

ಅವರ ತಾಯಿ ಜಗಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟರು.

"ಕಂಡಕ್ಟರ್ ಪುಸ್ತಕದೋಳು ನೀನೇಯಾ?"

ಅವರಿಂದಲೇ ನನಗೆ ತಿಳಿದದ್ದು. ಅಕ್ಕನಿಗೆ ಎದೆಯಲ್ಲಿ ಗಡ್ಡೆಯಾಗಿತ್ತು. ಸೋಮವಾರಗಳಲ್ಲಿ ಮೈಸೂರಿಗೆ ಹೋಗುತ್ತಿದ್ದುದು ಆಸ್ಪತ್ರೆಗೆ. ರಜೆ ಹಾಕಿದರೆ ಲೈಬ್ರರಿ ಮುಚ್ಚುತ್ತದೆಂದು ಸೋಮವಾರವನ್ನೇ ಕೇಳಿ ಗೊತ್ತು ಮಾಡಿಕೊಂಡಿದ್ದರು. ಜೊತೆಗೆ ತಾಯಿ ಹೋಗುತ್ತಿದ್ದರು.

ಹಾಗಾದರೆ ಪುಸ್ತಕ ಹುಡುಕುತ್ತೇನೆಂದದ್ದು ಬರೀ ಮಾತು ಎಂದುಕೊಂಡೆ. ಅದೂ ಅಲ್ಲ.

"ಸೂಜಿ ಚುಚ್ಚಿಸ್ಕಂಡು ಹೊರೀಕ್ಕೆ ಬಂದ್ರೆ ನಿಂತ್ಕಳಾಕೆ ಆಯ್ತಿರ್ಲಿಲ್ಲ ಅವಳಿಗೆ. ಮನೀಗೆ ಹೋಗಾನ ನಡಿಯವ್ವ ಅಂದ್ರೆ ಕೇಳ್ಬೇಕಲ್ಲ. ಆ ಬಿಸ್ಲಲ್ಲಿ ಅಂಗಡಿ ಅಂಗಡಿ ತಿರುಗೋಳು. ಪುಸ್ತಕದ ಹೆಸ್ರು ಏನಮ್ಮ ಅಂತ ಅವ್ರು ಕೇಳೋರು, ಇವಳಿಗೆ ಗೊತ್ತಿಲ್ಲ. ಅದ್ಕೆ ಕತೇನೇ ಹೇಳೋಳು ಕಣವ್ವ. ಕೂತ್ಕಳಾಕೆ ಒಂದು ಕುರ್ಚಿ ಕೊಡಿ, ಹೇಳ್ತೀನಿ ಅನ್ನೋಳು. ಕೇಳಿ ಕೇಳಿ ನಂಗೂ ಬಾಯಿಗೆ ಬಂದದೆ."

ನಾನು ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಬಲಗೈ ಹೊದಿಕೆಯ ಮೇಲಿತ್ತು. ಹೆಬ್ಬೆರಳಿನ ಉಗುರು ಬುಡದಿಂದ ಬಿಳಿಚಿ ಬೆಳೆದು, ತುದಿಯಲ್ಲಿ ಮಾತ್ರ ತೆಳ್ಳಗೆ ನೇರಳೆ ಉಳಿದಿತ್ತು. ಮೊಹರು ಹಿಡಿಯದೆ ಎಷ್ಟು ದಿನವಾಯಿತು ಎಂಬುದನ್ನು ಅದರಲ್ಲೇ ಎಣಿಸಬಹುದಿತ್ತು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು. "ಕೂತ್ಕೊ. ಒಪ್ಪಿಸು."

ಯಾವುದನ್ನು ಎಂದು ಕೇಳಬೇಕಾಗಿರಲಿಲ್ಲ. ಆರನೆಯ ಭಾಗವನ್ನು ಮೊದಲಿನಿಂದ ಹೇಳಿದೆ. ತಂಗಿ ಬಸ್ಸು ಹತ್ತಿ ಕೈ ನೀಡುವವರೆಗೂ ಹೇಳಿದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಆಮೇಲೆ?"

"ಗೊತ್ತಿಲ್ಲ ಅಕ್ಕ."

"ಸಿಕ್ದಾಗ ಬಂದು ಒಪ್ಪಿಸ್ಬೇಕು. ಅಲ್ಲೀಗಂಟ ನಿಂಗೆ ಬ್ಯಾರೆ ಪುಸ್ತಕ ಕೊಡಾಕಿಲ್ಲ."

ಅದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಮಾರ್ಚ್ ಹನ್ನೊಂದು, ಗುರುವಾರ ಬೆಳಿಗ್ಗೆ ತೀರಿಕೊಂಡರು. ನಾನು ಪರೀಕ್ಷೆಗೆ ಹೋಗಿದ್ದೆ. ಬಸ್ಸಿಳಿಯುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಹನ್ನೊಂದನೆಯ ದಿನ ಅವರ ತಾಯಿ ನನಗೊಂದು ಚೀಟಿ ಕೊಟ್ಟರು. ಆಸ್ಪತ್ರೆಯ ಚೀಟಿ. ಅದರ ಹಿಂದೆ ಅಕ್ಕನ ದುಂಡು ಅಕ್ಷರದಲ್ಲಿ ಮೈಸೂರಿನ ಪುಸ್ತಕದಂಗಡಿಗಳ ಪಟ್ಟಿ, ಫುಟ್‌ಪಾತಿನ ಮೇಲೆ ಮಾರುವವರೂ ಸೇರಿ ಇಪ್ಪತ್ತೊಂದು. ಹತ್ತೊಂಬತ್ತು ಅಂಗಡಿಗಳ ಮುಂದೆ "ಇಲ್ಲ" ಎಂದು ಬರೆದಿದ್ದರು. ನಾನು ಬರೆದಿದ್ದ ಹನ್ನೊಂದು "ಇಲ್ಲ"ಗಳ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಉಳಿದ ಎರಡು ಅಂಗಡಿಗಳಿಗೆ ಆ ಬೇಸಿಗೆಯಲ್ಲಿ ನಾನೇ ಹೋದೆ. ಕುರ್ಚಿ ಕೇಳಿ ಕೂತು ಕತೆ ಹೇಳಿದೆ. ಅಲ್ಲೂ ಇರಲಿಲ್ಲ.

ಈಗ ಎರಡು ವರ್ಷ ಕಳೆದು ಒಂದು ದಿನ. ಅಕ್ಕನ ಲೈಬ್ರರಿಯಿಂದ ನಾನು ಬೇರೆ ಪುಸ್ತಕ ತೆಗೆದುಕೊಂಡಿಲ್ಲ.

ಇದನ್ನು ಓದುವವರ ಮನೆಯ ಅಟ್ಟದಲ್ಲೋ ಊರಿನ ಲೈಬ್ರರಿಯಲ್ಲೋ ಆ ಮಾಲೆಯ ಏಳನೆಯ ಭಾಗ ಇರಬಹುದು. ಹೊದಿಕೆ ಇಲ್ಲದಿದ್ದರೂ ಗುರುತು ಸಿಗುತ್ತದೆ. ಮೊದಲ ಪುಟದಲ್ಲೇ ಬಸ್ಸಿರಬೇಕು, ಕಿಟಕಿಯ ಪಕ್ಕ ಒಬ್ಬ ತಂಗಿ ಕೈ ನೀಡಿ ಕೂತಿರಬೇಕು. ಕಂಡವರು ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ನಾನೇ ಬಂದು ಓದಿಕೊಂಡು ಹೋಗುತ್ತೇನೆ. ಪುಸ್ತಕ ಕೈಯಲ್ಲಿಲ್ಲ, ಹಿಂದೆಂದೋ ಓದಿದ ನೆನಪು ಮಾತ್ರ ಇದೆ ಎನ್ನುವವರು ಒಂದೇ ಸಾಲು ಬರೆದರೂ ಸಾಕು. ಅವಳು ಟಿಕೆಟ್ ಹರಿದಳೇ, ಇಲ್ಲವೇ? ನಾನು ಒಬ್ಬರಿಗೆ ಕತೆ ಒಪ್ಪಿಸಬೇಕಾಗಿದೆ.