ಉಷಾ ಹಿಡಿದು ನಿಲ್ಲಿಸಿದ ಬೆಳಕು

ನನ್ನ ತಮ್ಮ ಗಂಗಾಧರಪ್ಪನ ಮಗಳು ಉಷಾ ಹುಟ್ಟಿ ಬೆಳೆದದ್ದು ಹೊಳಲ್ಕೆರೇಲಿ. ಡಿಪ್ಲೊಮಾ ಓದಾಕೆ ಚಿತ್ರದುರ್ಗಕ್ಕೆ ಬಂದೋಳು ನನ್ನ ಮನೇಲೇ ಉಳಿದಳು. ಈಗ ಮೋಹನ್‌ಕುಮಾರ್ ಅವರ ವರ್ಕ್‌ಶಾಪಿನಲ್ಲಿ ಲೇಸರ್ ಮಾಡ್ತಾಳೆ. ಅಲ್ಲಿ ಮಧ್ಯಾಹ್ನದ ಅಡುಗೆ ನಂದು, ಹಂಗಾಗಿ ಎಲ್ಲಾ ಕಣ್ಣಾರೆ ಕಂಡೆ.

ಅವಳ ಲೇಸರ್ ಬೆಳಕು ಕಣ್ಣಿಗೆ ಕಾಣಲ್ಲ. ಆದರೂ ಅದಕ್ಕೊಂದು ಬಣ್ಣ ಐತಂತೆ, ತರಂಗಾಂತರ ಅಂತಾರೆ. ರೇಡಿಯೋ ತಿರುಗಿಸಿ ಸ್ಟೇಷನ್ ಹಿಡಿದಂಗೆ ಅದನ್ನ ಬದಲಾಯಿಸಬಹುದು. ಕಷ್ಟ ಇರೋದು ಹಿಡಿದು ನಿಲ್ಲಿಸೋದ್ರಲ್ಲಿ. ಚೂರು ಬಿಸಿಯಾದ್ರೂ ಜಾರುತ್ತೆ. ಅದಕ್ಕೇ ಪಕ್ಕದಲ್ಲೊಂದು ಅಳೆಯೋ ಪೆಟ್ಟಿಗೆ ಇಟ್ಟಿದ್ಲು. ಬೆಳಕು ಜಾರಿದ್ರೆ ಅದು ಎಳೆದು ಸರಿಮಾಡುತ್ತೆ.

ಗ್ಯಾಸ್ ಪೈಪು ಎಲ್ಲಿ ಸೋರುತ್ತೆ ಅಂತ ದೂರದಿಂದಲೇ ಕಂಡುಹಿಡಿಯಾಕೆ ಈ ಲೇಸರ್. ದಸರಾ ರಜೆ ಮುಗಿದ ಬೆಳಿಗ್ಗೆ ಬೆಂಗಳೂರಿಂದ ಪ್ರೀತಿ ಅನ್ನೋ ಇಂಜಿನಿಯರ್ ಪರೀಕ್ಷೆಗೆ ಬಂದ್ರು. ಇಡೀ ದಿನ ಬಣ್ಣ ಜಾರಬಾರದು. ಜಾರಿದ್ರೆ ಲೇಸರ್ ಕೋಣೆ ಮುಚ್ಚಿ ಬರೀ ಸ್ವಿಚ್ ಬೋರ್ಡ್ ಮಾಡಾಣ ಅಂತ ಮೋಹನ್‌ಕುಮಾರ್ ಹೇಳಿಬಿಟ್ಟಿದ್ರು. ಉಷಾ ತಿಂಡಿ ತಟ್ಟೆ ಹಂಗೇ ಬಿಟ್ಟು ಲೇಸರ್ ಹತ್ರ ಹೋದ್ಲು.

ಪ್ರೀತಿ ಗ್ಯಾಸ್ ತುಂಬಿದ ಗಾಜಿನ ಕೊಳವೆ ತಂದಿದ್ರು. ಬಣ್ಣ ಸರಿಯಿದ್ರೆ ಮಾತ್ರ ಆ ಗ್ಯಾಸು ಬೆಳಕನ್ನ ಹೀರುತ್ತೆ. ಬೆಳಿಗ್ಗೆ ಹೀರ್ತಿತ್ತು. ಊಟದ ಹೊತ್ತಿಗೆ ಹೀರೋದನ್ನ ಬಿಟ್ಟೇಬಿಡ್ತು.

"ನನ್ನ ಪೆಟ್ಟಿಗೆ ಸರಿ ಐತೆ ಅಂತಿದೆಯಲ್ಲ ಮೇಡಂ!" ಅಂತ ಉಷಾ ಪೆಟ್ಟಿಗೆ ಮುಟ್ಟಿದ್ಲು. ಸುಡ್ತಿತ್ತು. ಆಯುಧ ಪೂಜೇಲಿ ಹಾಕಿದ ಚೆಂಡು ಹೂವಿನ ದಪ್ಪ ಹಾರ ಗಾಳಿಯಾಡೋ ಕಿಂಡಿಗಳನ್ನೆಲ್ಲ ಮುಚ್ಚಿತ್ತು. ಪೆಟ್ಟಿಗೆ ಕಾದು ತಪ್ಪು ಅಳೆದು, ಸರಿಯಿದ್ದ ಬೆಳಕನ್ನೇ ದಾರಿ ತಪ್ಪಿಸಿತ್ತು.

"ಯಾರಪ್ಪ ಈ ಪರಿ ಹೂವು ಹೇರಿದ್ದು?" ಅಂದ್ಲು ಉಷಾ.

ಜೊತೆ ಕೆಲಸದ ಕೊಟ್ರೇಶ್ ತಲೆ ಕೆರಕಂಡ. "ನಾನೇ ಅಕ್ಕ. ನಿನ್ನ ಯಂತ್ರ ಅಂತ ಒಂದು ಮೊಳ ಜಾಸ್ತಿನೇ ಹಾಕ್ದೆ. ಪೂಜೆ ಹಾರ, ಒಣಗೋ ಮುಂಚೆ ಹೆಂಗೆ ತೆಗೀಲಿ?"

"ಲೇ, ದೇವರಿಗೂ ಉಸಿರಾಡಾಕೆ ಜಾಗ ಬಿಡ್ತಾರೆ ಕಣೋ!" ಅಂದೆ. ಪ್ರೀತಿನೂ ನಕ್ಕರು. "ಹಾರ ತೆಗೀರಿ. ನಾಳೆ ಬೆಳಿಗ್ಗೆಯಿಂದ ಮತ್ತೆ ನೋಡ್ತೀನಿ."

ಉಷಾ ಹಾರ ತೆಗೆದು ಸುಮ್ಮನೆ ಕೂರಲಿಲ್ಲ. "ಪೈಪಿನ ಹತ್ರ ಬಿಸಿಲಿಗೂ ಪೆಟ್ಟಿಗೆ ಕಾಯುತ್ತೆ. ಗ್ಯಾಸಿಗೆ ಬೇಕಾದ ಬಣ್ಣ ಬಿಸಿಲಿಗೆ ಹಂಗೆಲ್ಲ ಬದಲಾಗಲ್ಲ. ಅದನ್ನೇ ನೋಡ್ಕಂಡು ಲೇಸರ್ ನಿಲ್ಲಲಿ" ಅಂತ ಪ್ರೀತಿ ತಂದಂಥದ್ದೇ ಗ್ಯಾಸಿನ ಕೊಳವೆಯೊಂದನ್ನ ಲೇಸರಿಗೇ ಜೋಡಿಸಿದ್ಲು. ಸಂಜೆಯೊಳಗೆ ವೈರು ಬದಲಾಯಿಸಿ ಮುಗಿಸಿದ್ಲು.

ಮಾರನೇ ದಿನ ಅವಳೇ ಕೂಗಿದ್ಲು: "ಕೊಟ್ರೇಶ, ಹಾರ ತಂದು ಹಾಕಪ್ಪ. ಕಿಂಡಿ ಮುಚ್ಚೋ ಹಂಗೇ ಹಾಕು!"

ಮೋಹನ್‌ಕುಮಾರ್ ಮುಖ ಬಿಳಿಚಿಕೊಂಡಿತು. ಪೆಟ್ಟಿಗೆ ಕಾಯಿತು. ಬಣ್ಣ ತೋರಿಸೋ ಪ್ರೀತಿಯವರ ಪರದೆ ಮೇಲಿನ ಗೆರೆ ಮಾತ್ರ ಹೊಸ ಕೆರೆ ಏರಿಯಂಗೆ ನೆಟ್ಟಗಿತ್ತು, ಸಂಜೆವರೆಗೂ.

"ಪಾಸು!" ಅಂದ್ರು ಪ್ರೀತಿ. ಕೊಟ್ರೇಶ್ ಸಿಳ್ಳೆ ಹೊಡೆದ. ನಾನು ಒಲೆ ಮೇಲೆ ಎಣ್ಣೆ ಇಟ್ಟು ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ ಕರಿದೆ. ಉಷಾ ತಟ್ಟೆ ಖಾಲಿ ಮಾಡಿ ಮತ್ತೆ ಕೈ ಚಾಚಿದ್ಲು.

ಈಗ ಆ ಕೋಣೆಗೆ ಅವಳೇ ಯಜಮಾನಿ. ಹಿರಿಯೂರಿಂದ ಹುಡುಗೀರು ಕಲಿಯಾಕೆ ಬರ್ತಾರೆ. ಮೋಹನ್‌ಕುಮಾರ್ ಪಕ್ಕದ ಗೋಡೆ ಒಡೆಸಿ ಜಾಗ ದೊಡ್ಡದು ಮಾಡಿಸ್ತಾ ಅವ್ರೆ.